ಎರಡನೇ ಪಂಪು ಬೇಕಾಗಿಲ್ಲ

6 ಜನವರಿ 2008, ಭಾನುವಾರ

ಸ್ನಾನ ಆಯಿತು. ಇವತ್ತೂ ಚರ್ಮ ಸುಲಿಯುವಷ್ಟು ಬಿಸಿ. ನಲ್ಲಿ ತಿರುಗಿಸಿ ಎರಡು ಬಕೆಟ್ ತಣ್ಣೀರು ಚೆಲ್ಲಬೇಕು, ಆಮೇಲೆ ಬಿಸಿ ಬರುತ್ತದೆ. ಬಂದ ಮೇಲೆ, ಹೆತ್ತ ತಾಯಿಯಾದರೂ, ಉಮ್ಮನ ಕೈ ನಿಲ್ಲುವುದಿಲ್ಲ. ಚೆಂಬು ಚೆಂಬು ಸೊಂಟಕ್ಕೆ ಬೀಸಿ ಹೊಡೆಯುತ್ತಾಳೆ. ಕೂಗಿದರೆ, "ಬಾಳಂತಿಯ ಸೊಂಟಕ್ಕೆ ನೀರು ಬೀಳದಿದ್ರೆ ನಲ್ವತ್ತು ವರ್ಷಕ್ಕೇ ಕೋಲು ಹಿಡೀಲಿಕ್ಕುಂಟು. ಬಾಯಿ ಮುಚ್ಚಿ ಕೂತ್ಕೋ."

ಬಚ್ಚಲಿನಿಂದ ಬೇಯುತ್ತಾ ಬಂದು ಕೋಣೆಗೆ ಕಾಲಿಟ್ಟರೆ ಫ್ರಿಜ್. ಕೋಣೆ ಬೆಚ್ಚಗಿಡಬೇಕಾದ ಗೋಡೆಯ ರೇಡಿಯೇಟರ್ ಮುಟ್ಟಿದೆ. ಸತ್ತ ಮೀನಿನ ಹಾಗೆ ತಣ್ಣಗೆ. ಈಗ ಅದಕ್ಕಿರುವ ಒಂದೇ ಉದ್ಯೋಗ, ಮಗುವಿನ ಒದ್ದೆ ಬಟ್ಟೆ ಹೊರುವುದು. ಅವೂ ಒಣಗುವುದಿಲ್ಲ.

ಈ ಮನೆಯ ಮಾಲೀಕ ಅಬ್ದುಲ್ಲಾ ಇಂಗ್ಲೆಂಡಿನಲ್ಲಿ ಓದಿದವರು. ಅಲ್ಲಿಯ ರೇಡಿಯೇಟರುಗಳನ್ನು ನೋಡಿ ಮರುಳಾಗಿ ದೋಹಾದ ಈ ಅಲ್ ಥುಮಾಮಾದ ಮರಳಿನ ಮೇಲೂ ಅದನ್ನೇ ಕೂರಿಸಿದ್ದಾರೆ. ಅಂಗಳದ ಪಂಪ್ ರೂಮಿನಲ್ಲಿ ಒಂದು ಬಾಯ್ಲರ್, ಒಂದು ಪಂಪು. ಪಂಪು ಬಿಸಿನೀರನ್ನು ಎರಡೂ ಮಹಡಿಗೆ ತಳ್ಳುತ್ತದೆ. ನೀರು ರೇಡಿಯೇಟರುಗಳನ್ನು ಸುತ್ತಿ ಬೇರೆ ಪೈಪಿನಲ್ಲಿ ಬಾಯ್ಲರಿಗೆ ವಾಪಸ್. ಅದೇ ನೀರು ಬಚ್ಚಲಿನ ನಲ್ಲಿಗೂ. ಯಾವ ಪುಸ್ತಕದಲ್ಲೂ ಇಲ್ಲದ ಡಿಸೈನ್. ಆದರೂ ಕೆಳಗೆ ವ್ಯಾಲೆಂಟೈನ್ ಅಂಕಲ್ ಮನೆಯಲ್ಲಿ ಬೆಚ್ಚಗಿದೆಯಂತೆ. ಮೇಲೆ ನಮಗೆ ಮಾತ್ರ ಮಾಫಿ, ಇಲ್ಲಿಯ ಅರಬಿಯಲ್ಲಿ 'ಇಲ್ಲ'. ಆಗಸ್ಟ್‌ನಲ್ಲಿ ಬಂದವರು ನಾವು, ಇದು ಈ ಮನೆಯಲ್ಲಿ ನಮ್ಮ ಮೊದಲ ಚಳಿಗಾಲ.

ಉಮ್ಮ ನಮಾಜಿಗೆ ನಿಂತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ. ನಲವತ್ತು ದಿನ ಅಕ್ಷರ ನೋಡಬಾರದಂತೆ, ಕಣ್ಣು ಹೋಗುತ್ತದಂತೆ. ಮೆಟ್ಟಿಲು ಇಳಿಯಬಾರದು. ಗಾಳಿಗೆ ನಿಲ್ಲಬಾರದು. ತಲೆಗೆ ಬಟ್ಟೆ ಬಿಚ್ಚಬಾರದು. ನಮಾಜಿನ ಕೊನೆಯ ಸಲಾಂ ಹೇಳಿ ಮುಗಿಸಿದಳು... ಸಾಕು.

7 ಜನವರಿ, ಸೋಮವಾರ

ಹಂಝ ಬಂದಿದ್ದ. ಮಂಜೇಶ್ವರದವನು, ನಜ್ಮಾದಲ್ಲಿ ಪೈಪು-ಪಂಪಿನ ಅಂಗಡಿ. ಅಬ್ದುಲ್ಲಾ ಅವರ ಮನೆಗಳ ರಿಪೇರಿಯೆಲ್ಲ ಅವನದೇ. ಕಿಟಕಿಯ ಕೆಳಗೆ ಮೂರು ಜನ ನಿಂತು ಮೀಟಿಂಗ್: ಅವನು, ನನ್ನ ಗಂಡ ತಾಹಿರ್, ವ್ಯಾಲೆಂಟೈನ್ ಅಂಕಲ್.

"ವಾಲ್ವ್ ಎಲ್ಲ ಓಪನ್ ಉಂಟು, ನೋಡಿದೆ. ಪಂಪಿನ ಪವರ್ ಸಾಕಾಗುದಿಲ್ಲ ಭಾಯಿ. ಕೆಳಗೆ ಹೇಗೋ ಸುತ್ತಿಸ್ತದೆ. ಮೇಲೆ ಎತ್ತುದಿಲ್ಲ. ಮಾಳಿಗೆಗೆ ಸೆಕೆಂಡ್ ಪಂಪ್ ಬೇಕೇ ಬೇಕು."

"ನಾನು ಮೊದಲೇ ಹೇಳಿದೆನಲ್ಲ?" ಅಂಕಲ್. ಇಪ್ಪತ್ತಾರು ವರ್ಷ ದೋಹಾದಲ್ಲಿದ್ದವರು, ಯಾವುದನ್ನೂ ಮೊದಲೇ ಹೇಳದೆ ಬಿಟ್ಟವರಲ್ಲ.

ತಡೆಯಲಾಗಲಿಲ್ಲ. ಕಿಟಕಿ ತೆರೆದೆ. "ಎತ್ತುವ ಪ್ರಶ್ನೆಯೇ ಇಲ್ಲ! ಅದು ಲೂಪ್! ಹತ್ತಿದ ನೀರು ಇಳಿಯುತ್ತದೆ, ಇಳಿಯುವ ನೀರು ಹತ್ತುವುದನ್ನು ಎಳೆಯುತ್ತದೆ!"

ಮೂರೂ ತಲೆ ಮೇಲಕ್ಕೆ. ಬಾಣಂತಿ, ತಲೆಗೆ ಉಮ್ಮ ಬಿಗಿದ ಮಫ್ಲರ್, ಕೆನ್ನೆಗೆ ಅರಸಿನ. ಯಾರು ಕೇಳುತ್ತಾರೆ.

"ಕಿಟಕಿ ಮುಚ್ಚು ನಶೀದಾ! ಗಾಳಿ!" ತಾಹಿರ್.

ಹಿಂದಿನಿಂದ ಉಮ್ಮ ಬಂದು ಮುಚ್ಚಿಯೇ ಬಿಟ್ಟಳು. ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. "ನಮ್ಮ ಬಾವಿಯ ರಾಟೆಗೆ ಎರಡು ಕಡೆಯೂ ಕೊಡಪಾನ ಕಟ್ಟಿದ್ದು ನೆನಪುಂಟಾ? ಒಂದು ಇಳಿದರೆ ಇನ್ನೊಂದು ತಾನಾಗಿ ಹತ್ತುತ್ತದೆ, ಕೈಗೆ ಭಾರವೇ ಇಲ್ಲ. ಇದೂ ಹಾಗೆಯೇ. ಎತ್ತರ ಲೆಕ್ಕಕ್ಕಿಲ್ಲ."

"ಬಾವಿ ಕಟ್ಟೆ ಮೇಲೆ ಬಾಳಂತಿ ನಿಂತದ್ದು ನಾನು ಕಾಣೆ," ಅಂದಳು ಉಮ್ಮ. ಆಮೇಲೆ ಮೆಂತೆ ಗಂಜಿ.

8 ಜನವರಿ, ಮಂಗಳವಾರ

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದವರು ಯಾರೋ ಮಹಾನುಭಾವರು. ಅವರ ಮನೆಯಲ್ಲೂ ಒಬ್ಬಳು ಇಂಜಿನಿಯರ್ ಮಲಗಿದ್ದಿರಬೇಕು.

ಆರು ವರ್ಷದಿಂದ ನನ್ನ ಕೆಲಸವೇ ಪಂಪು. ಅಲ್ ಖೋರ್ ಪ್ರಾಜೆಕ್ಟಿನಲ್ಲಿ ಕಾರಿನಷ್ಟು ದೊಡ್ಡ ಪಂಪುಗಳನ್ನು ಆರಿಸಿ ಸಹಿ ಹಾಕಿದ್ದೇನೆ. ಇಲ್ಲಿ, ನನ್ನ ಮನೆಯ, ತೆಂಗಿನಕಾಯಿಯಷ್ಟಿರುವ ಪಂಪಿನ ವಿಷಯಕ್ಕೆ ಅಂಗಳದಲ್ಲಿ ಮೂರು ಗಂಡಸರು. ಅದರಲ್ಲಿ ತಾಹಿರ್ ಬ್ಯಾಂಕಿನವರು, ಅಂಕಲ್ ರಿಟೈರ್ಡ್ ಸ್ಟೋರ್‌ಕೀಪರ್. ನನ್ನನ್ನು ಕೇಳಿದರೆ ಗಂಟಲಲ್ಲಿ ಮುಳ್ಳು ಸಿಕ್ಕುತ್ತದೋ ಏನೋ.

ಆಫೀಸಿನಿಂದ ಲ್ಯಾನ್ಸ್‌ಲಾಟ್ ಸರ್ ಫೋನ್. ನಮ್ಮ ಸೆಕ್ಷನ್ ಹೆಡ್, ಕಾರ್ಕಳದವರು. ಮಗುವಿನ ವಿಚಾರ ಕೇಳಿ, ಆಮೇಲೆ ಹೇಳಿದರು. "ಫೆಬ್ರವರಿ ಮೂರಕ್ಕೆ ಬರ್ತೀರಲ್ಲ? ಮೇಲಿನವರು ಬೇರೆಯವರ ಸಿ.ವಿ. ನೋಡ್ತಿದ್ದಾರೆ. ನಾನು ತಡೆದು ನಿಲ್ಲಿಸಿದ್ದೇನೆ. ಆ ದಿನಕ್ಕೆ ಬಂದ್ರೆ ಸೀಟು ನಿಮ್ಮದೇ. ಇಲ್ಲದಿದ್ರೆ ನನ್ನ ಕೈಯಲ್ಲಿಲ್ಲ ನೋಡಿ."

ಬರುತ್ತೇನೆ ಅಂದೆ. ಮಗುವಿಗೆ ಉಮ್ಮ ಇದ್ದಾಳೆ, ಮೂರು ತಿಂಗಳ ವಿಸಿಟ್ ವೀಸಾ. ಎಲ್ಲ ಮೊದಲೇ ಮಾತಾಡಿಯೇ ಕರೆಸಿದ್ದು.

10 ಜನವರಿ, ಗುರುವಾರ

ಇಂಥ ಚಳಿ ಈ ಊರಿನಲ್ಲಿ ನಾನು ಕಂಡಿಲ್ಲ. ಉತ್ತರದ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುತ್ತದೆ. ಅಂಗಡಿಗಳಲ್ಲಿ ಕಂಬಳಿ ಖಾಲಿಯಂತೆ.

ಮಗುವಿಗೆ ಮೂಗು ಕಟ್ಟಿದೆ. ಹಾಲು ಕುಡಿಯಲು ಹೋಗಿ ಉಸಿರು ಸಿಗದೆ ಬಿಡುತ್ತಾಳೆ, ಅಳುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಡಾಕ್ಟರು ಕೋಣೆ ಬೆಚ್ಚಗಿರಲಿ ಅಂದರು. ತಾಹಿರ್ ಕರೆಂಟಿನ ಹೀಟರ್ ತಂದರು. ಹಾಕಿದರೆ ಇಡೀ ಮಹಡಿಯ ಬ್ರೇಕರ್ ಟ್ರಿಪ್. ಎರಡು ಸಲ, ಮೂರು ಸಲ. ಖಲಾಸ್, ಅದನ್ನು ಮಂಚದ ಕೆಳಗೆ ತಳ್ಳಿದರು.

ಹೊಸ ಪಂಪು ದುಬೈಯಿಂದ ಬರಬೇಕಂತೆ. ಅಬ್ದುಲ್ಲಾ ಒಪ್ಪಿದ್ದಾರೆ, ಖರ್ಚೂ ಅವರದೇ. ಆದರೆ ತಿಂಗಳ ಕೊನೆಗೆ, ಇನ್ಶಾ ಅಲ್ಲಾಹ್. ಆ ಇನ್ಶಾ ಅಲ್ಲಾಹ್ ಎಷ್ಟು ಉದ್ದ ಎಂದು ಇಲ್ಲಿದ್ದವರಿಗೆ ಗೊತ್ತು.

ಉಮ್ಮ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಕಣ್ಣು ತುಂಬಿತ್ತು. "ಏಳು ಬಾಳಂತನ ಮಾಡಿದ್ದೇನೆ ನಾನು. ನಿನ್ನ ಅಕ್ಕಂದಿರದ್ದು, ನಾದಿನಿಯರದ್ದು. ನನ್ನ ಕೈಯಲ್ಲಿ ಒಂದು ಕುಂಞಿಗೂ ಶೀತ ಆದದ್ದಿಲ್ಲ. ಒಂದಕ್ಕೂ." ಆಮೇಲೆ ತಾಹಿರ್ ಕಡೆ ತಿರುಗಿ, "ಊರಿಗೆ ಕರ್ಕೊಂಡು ಹೋಗ್ತೇನೆ. ಅಲ್ಲಿ ಒಲೆ ಉಂಟು, ಬಿಸಿಲುಂಟು. ಏಪ್ರಿಲ್‌ಗೆ ಕಳಿಸ್ತೇನೆ."

ತಾಹಿರ್ ಬೇಡ ಅನ್ನಲಿಲ್ಲ. ಅದನ್ನು ಬರೆದಿಡುತ್ತಿದ್ದೇನೆ. ಬೇಡ ಅನ್ನಲಿಲ್ಲ.

11 ಜನವರಿ, ಶುಕ್ರವಾರ

ನಾಳೆಯೊಳಗೆ ಸರಿಮಾಡಿ ತೋರಿಸುತ್ತೇನೆ ಎಂದೆ ತಾಹಿರ್‌ಗೆ. ರೇಡಿಯೇಟರಿನೊಳಗೆ ಗಾಳಿ ಸಿಕ್ಕಿಕೊಂಡಿದೆ, ಅದಕ್ಕೇ ನೀರು ಸುತ್ತುತ್ತಿಲ್ಲ. ನೂರಕ್ಕೆ ನೂರು. ಹೊಸಬರೂ ಹೇಳುವ ಉತ್ತರ.

ತಾಹಿರ್ ಪಾಪ, ಮೂಲೆಯ ಸ್ಕ್ರೂ ಸಡಿಲಿಸಿದರು. ಕೆಳಗೆ ಪಾತ್ರೆ ಹಿಡಿದೆ. ಉಸ್ ಎಂದು ಗಾಳಿ ಬರಬೇಕು... ಬಂದದ್ದು ನೀರು. ಮೊದಲ ಹನಿಯಿಂದಲೇ ನೀರು. ನಾಲ್ಕೂ ಕೋಣೆಯಲ್ಲಿ ಅದೇ ಕಥೆ. ಗಾಳಿಯ ಸುಳಿವೇ ಇಲ್ಲ.

"ಆಯ್ತಾ?" ಅಂದಳು ಉಮ್ಮ. ಕೆಳಗೆ ಅಂಕಲ್ ಹಂಝನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಮೆಟ್ಟಿಲಲ್ಲಿ ಕೇಳಿಸಿತು. "ಮೇಡಂ ಎಲ್ಲ ಬಿಚ್ಚಿ ನೋಡಿದ್ರು ಮಾರಾಯ. ಏನೂ ಆಗ್ಲಿಲ್ಲ." ನಗುತ್ತಿದ್ದರು.

ಗಾಳಿ ಅಲ್ಲ, ಸರಿ. ನಾನು ತಪ್ಪಿದೆ. ಆದರೂ ಎರಡನೇ ಪಂಪು ಬೇಕಾಗಿಲ್ಲ.

20 ಜನವರಿ, ಭಾನುವಾರ

ಬರೆಯಲಾಗಲಿಲ್ಲ. ಮಗುವಿನ ಎದೆಯಲ್ಲಿ ಗೊರಗೊರ. ಆಸ್ಪತ್ರೆಗೆ ಎರಡು ಸಲ. ಆ ಚಿಕ್ಕ ಮುಖಕ್ಕೆ ಹಬೆಯ ಮಾಸ್ಕು ಇಟ್ಟರು, ಮುಖವೇ ಕಾಣಲಿಲ್ಲ. ಈಗ ಪರವಾಗಿಲ್ಲ. ಹಾಲು ಕುಡಿಯುತ್ತಾಳೆ. ಆದರೆ ಮನೆ ಇನ್ನೂ ಹಾಗೆಯೇ ಇದೆ.

ಎಂಬಸಿಯಿಂದ ಮಗುವಿನ ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಹುಬ್ಬು ಗಂಟಿಕ್ಕಿದ್ದಾಳೆ, ನನ್ನದೇ ಹುಬ್ಬು. ಪಾಸ್‌ಪೋರ್ಟ್ ಬಂದದ್ದೇ ತಡ, ಟಿಕೆಟ್. ಶನಿವಾರ 26ಕ್ಕೆ. ಉಮ್ಮ, ನಾನು, ಮಗು.

ನಾನು ಜಗಳವಾಡಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಒಂದೇ ಹೆದರಿಕೆ. ನನ್ನ ಹಠಕ್ಕೆ ಮಗು ಪಾಡು ಪಡುತ್ತಿದೆಯಾ? ಹೌದು ಎಂದಾದರೆ ನಾನೇ ಹೊರಡುತ್ತೇನೆ, ಕೆಲಸ ಹಾಳಾಗಿ ಹೋಗಲಿ. ಆದರೆ ಅದನ್ನು ನನಗೆ ನಾನೇ ಹೇಳಬೇಕು. ಹಂಝ ಹೇಳಿದ ಎಂದು ಅಲ್ಲ.

ಸೂಟ್‌ಕೇಸ್ ಮಂಚದ ಪಕ್ಕದಲ್ಲಿ ಬಾಯ್ತೆರೆದು ಬಿದ್ದಿದೆ. ಉಮ್ಮ ಮಡಚಿ ಮಡಚಿ ತುಂಬುತ್ತಿದ್ದಾಳೆ. ಇವತ್ತು ನನ್ನ ಆಫೀಸಿನ ಶೂ ಕೂಡ ಹಾಕಿದಳು. ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ.

22 ಜನವರಿ, ಮಂಗಳವಾರ

ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡು ಚಾಪೆಯ ಮೇಲೆ ಕೂತಿದ್ದೆ, ಬೆನ್ನು ರೇಡಿಯೇಟರಿಗೆ. ಉಮ್ಮ ಬಚ್ಚಲಿನಲ್ಲಿ ನಲ್ಲಿ ಬಿಟ್ಟಿದ್ದಳು. ಎರಡು ಬಕೆಟ್ ಚೆಲ್ಲುವ ಹೊತ್ತು.

ಬೆನ್ನಿಗೆ ಬೆಚ್ಚಗಾಯಿತು.

ಎಣ್ಣೆಯ ಬಿಸಿ ಅಂದುಕೊಂಡೆ. ಕೈ ಹಿಂದೆ ಹಾಕಿ ಮುಟ್ಟಿದೆ. ಅಲ್ಲ, ಕಬ್ಬಿಣವೇ ಬೆಚ್ಚಗಿದೆ! "ಉಮ್ಮಾ, ನಲ್ಲಿ ಬಂದ್ ಮಾಡು!" ಕೂಗಿದೆ. ಬಂದ್ ಮಾಡಿದಳು. ಕೈ ತೆಗೆಯದೆ ಕೂತೆ. ಸ್ವಲ್ಪ ಹೊತ್ತಿಗೆ ಆರಿತು; ದಿನಾ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆರಿಯೇ ಇರುತ್ತಿತ್ತು. "ಈಗ ಬಿಡು!" ಬಿಟ್ಟಳು. ಮತ್ತೆ ಬೆಚ್ಚಗೆ. "ಬಂದ್ ಮಾಡು!"

"ಎಂತ ಹುಚ್ಚು ನಿನಗೆ?" ಉಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು. "ಬಾಳಂತಿ ಸನ್ನಿಯಾ?"

ಸನ್ನಿ ಅಲ್ಲ ಉಮ್ಮ. ಲೆಕ್ಕ! ನಲ್ಲಿ ತೆರೆದರೆ ಬಿಸಿನೀರು ನನ್ನ ಕೋಣೆಯ ಮೂಲಕ ಹಾದು ಬಚ್ಚಲಿಗೆ ಹೋಗುತ್ತದೆ. ಅಂದರೆ ನೀರು ಮೇಲೆ ಬರುತ್ತಿದೆ. ದಾರಿ ಸರಿಯಾಗಿದೆ. ನಲ್ಲಿ ಮುಚ್ಚಿದರೆ ನಿಂತುಬಿಡುತ್ತದೆ. ಹರಿದು ಹೋಗಲು ಜಾಗವಿಲ್ಲ. ಅಂದರೆ ಬಾಯ್ಲರಿಗೆ ವಾಪಸ್ ಹೋಗುವ ಪೈಪು ಎಲ್ಲೋ ಬಂದ್ ಆಗಿದೆ. ಮುಚ್ಚಿದ ಬಾಗಿಲಿಗೆ ಎರಡು ಪಂಪಲ್ಲ, ಹತ್ತು ಪಂಪು ಇಟ್ಟರೂ ನೀರು ತಿರುಗುವುದಿಲ್ಲ.

ಖುಷಿಗೆ ಅಕ್ಷರ ವಕ್ರವಾಗುತ್ತಿದೆ.

23 ಜನವರಿ, ಬುಧವಾರ

ತಾಹಿರ್‌ಗೆ ಹೇಳಿದೆ. ಚಿತ್ರ ಬರೆದು ತೋರಿಸಿದೆ. ಹಂಝನಿಗೆ ಫೋನ್ ಮಾಡಿದರು. "ಪಂಪ್ ರೂಮಿನಲ್ಲಿ ಇರುವ ವಾಲ್ವ್ ಎಲ್ಲ ಓಪನ್, ನನ್ನ ಕಣ್ಣಾರೆ ನೋಡಿದ್ದೇನೆ ಭಾಯಿ" ಎಂದನಂತೆ. ಅಲ್ಲಿಗೆ ಮುಗಿಯಿತು. ಅವನ ಕಣ್ಣಾರೆ ಇದ್ದ ಮೇಲೆ ನನ್ನ ಬೆನ್ನಾರೆಗೆ ಬೆಲೆ ಎಲ್ಲಿ.

"ನಾನು ಕೆಳಗೆ ಹೋಗಿ ನೋಡ್ತೇನೆ," ಅಂದೆ.

"ಶನಿವಾರ ಫ್ಲೈಟ್ ನಶೀದಾ. ಇನ್ನು ಎರಡು ದಿನಕ್ಕೆ ಮಾಮಿಯ ಹತ್ತಿರ ಯಾಕೆ ರಂಪ? ಗೆದ್ದು ನಿನಗೆ ಎಂತ ಆಗ್ಬೇಕು?"

"ಕೆಲಸಕ್ಕೆ ಹೋಗ್ಬೇಕು!"

"ಕೆಲಸ ಇನ್ನೊಂದು ಸಿಗ್ತದೆ. ಏಪ್ರಿಲ್‌ನಲ್ಲಿ ಬಾ. ಯಾರು ಬೇಡ ಅಂದದ್ದು?"

"ಹೋಗ್ಲಿಕ್ಕೆ ಟಿಕೆಟ್ ಉಂಟು. ಬರ್ಲಿಕ್ಕೆ ಉಂಟಾ? ತೋರಿಸಿ ನೋಡುವ." ಇರಲಿಲ್ಲ. ಒನ್ ವೇ. ಅವರಿಗೂ ಆಗಲೇ ಹೊಳೆದದ್ದು ಇರಬೇಕು, ಮುಖ ಬಾಡಿತು.

ಮತ್ತೆ ಹೇಳಿದರು, ಮೆಲ್ಲಗೆ. "ಆ ದಿನ ಆಸ್ಪತ್ರೆಯಲ್ಲಿ... ನನಗೆ ಕೈಕಾಲು ಬರ್ಲಿಲ್ಲ. ಇನ್ನೊಂದು ಸಲ ನನ್ನಿಂದ ಆಗುದಿಲ್ಲ." ಅವರಿಗೆ ಹೆದರಿಕೆ. ನನಗೂ. ಒಂದೇ ಹೆದರಿಕೆ ಇಟ್ಟುಕೊಂಡು ಎದುರುಬದುರು ನಿಂತಿದ್ದೆವು. ಕೋಪ ಇಳಿಯಲಿಲ್ಲ, ಆದರೆ ಅವರ ಮೇಲೆ ಉಳಿಯಲೂ ಇಲ್ಲ.

ಉಮ್ಮ ಒಳಗಿನಿಂದ: "ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಚಿಕ್ಕಂದಿನಿಂದಲೂ."

ಇರಲಿ. ಮೂರೇ ಕಾಲು.

25 ಜನವರಿ, ಶುಕ್ರವಾರ, ಮಧ್ಯಾಹ್ನ

ಇಳಿದೆ!

ತಾಹಿರ್ ಜುಮಾ ನಮಾಜಿಗೆ ಹೋಗಿದ್ದರು. ವ್ಯಾಲೆಂಟೈನ್ ಅಂಕಲ್ ಕ್ರೈಸ್ತರ ಪೂಜೆಗೆ, ಇಲ್ಲಿ ರಜೆ ಶುಕ್ರವಾರವಾದ್ದರಿಂದ ಅದೂ ಇವತ್ತೇ. ಉಮ್ಮ ಮಧ್ಯಾಹ್ನದ ಲುಹರ್ ನಮಾಜಿಗೆ ಕೈ ಕಟ್ಟಿದಳು. ಮಗು ನಿದ್ದೆ. ಎರಡು ಜೊತೆ ಸಾಕ್ಸ್, ತಾಹಿರ್ ಅವರ ಜಾಕೆಟ್, ತಲೆಗೆ ಮಫ್ಲರ್. ನಲವತ್ತಕ್ಕೆ ಇನ್ನೂ ನಾಲ್ಕು ದಿನ ಬಾಕಿ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು. ನಡುವೆ ಒಮ್ಮೆ ಕೂತು ಎದ್ದೆ.

ಪಂಪ್ ರೂಮು ನೋಡಿದೆ. ಹಂಝ ಸುಳ್ಳು ಹೇಳಿರಲಿಲ್ಲ, ಅಲ್ಲಿನ ವಾಲ್ವ್ ಎಲ್ಲ ಓಪನ್. ಆದರೆ ಅಲ್ಲಿಗೆ ವಾಪಸ್ ಬರುವ ಪೈಪು ಒಂದೇ. ಎರಡೂ ಮಹಡಿಯದು ಎಲ್ಲೋ ಹೊರಗೇ ಕೂಡಿಕೊಂಡು ಬರುತ್ತಿದೆ. ಹೊರಗೆ ಬಂದು ನಮ್ಮ ಟೆರೇಸಿನಿಂದ ಇಳಿಯುವ ಪೈಪನ್ನು ಕಣ್ಣಿನಲ್ಲೇ ಹಿಂಬಾಲಿಸಿದೆ. ಗೋಡೆಗುಂಟ ಇಳಿದು, ಮೆಟ್ಟಿಲ ಕೆಳಗೆ ಉರ್ಸುಲಾ ಆಂಟಿಯ ವಾಷಿಂಗ್ ಮೆಷಿನ್ ಹಿಂದೆ ಮಾಯ.

"ಜೆಜು ಮರಿಯಾ! ನೀನೆಂತ ಮಾಡ್ತಿದ್ದಿ ಇಲ್ಲಿ?" ಅಂಕಲ್ ಅವರ ಹೆಂಡತಿ ಉರ್ಸುಲಾ ಆಂಟಿ ಕೈಯಲ್ಲಿ ಸೌಟು ಹಿಡಿದು ಓಡಿ ಬಂದರು. "ಬಾಳಂತಿ! ಗಾಳಿ! ನಿನ್ನ ಉಮ್ಮ ಸಾರಮ್ಮನಿಗೆ ಗೊತ್ತುಂಟಾ?"

"ಆಂಟಿ, ಮೆಷಿನ್ ಸ್ವಲ್ಪ ಎಳೀಬೇಕು."

"ಹೋಗು ಮೇಲೆ ಮೊದಲು!"

"ಎಳೆದು ಕೊಟ್ರೆ ಹೋಗ್ತೇನೆ. ಇಲ್ಲದಿದ್ರೆ ನಾನೇ ಎಳೀತೇನೆ." ಮೆಷಿನ್ನಿಗೆ ಕೈ ಹಾಕಿದೆ.

"ಹೊಲಿಗೆ ಬಿಚ್ಚಿಕೊಳ್ತಿ, ಬಿಡು ಬಿಡು!" ಸೌಟು ಮೆಟ್ಟಿಲ ಮೇಲಿಟ್ಟು ತಾವೇ ಎಳೆದರು. ಗಟ್ಟಿ ಹೆಂಗಸು.

ಹಿಂದೆ ಗೋಡೆಯಲ್ಲಿ ಗೋಣಿ ಸುತ್ತಿದ ಗಂಟು. ಬಿಚ್ಚಿದೆ. ಕೆಂಪು ಚಕ್ರದ ವಾಲ್ವ್.

ಆಂಟಿ ಬಾಯಿ ಮೇಲೆ ಕೈ ಇಟ್ಟರು. "ಇದು... ಇದನ್ನು ವಾಲಿ, ನಿನ್ನ ಅಂಕಲ್, ಬಂದ್ ಮಾಡಿದ್ದು. ಜೂನ್‌ನಲ್ಲಿ."

ಜೂನ್! ಆಗ ಅರ್ಥವಾಯಿತು. ದೋಹಾದ ಬೇಸಿಗೆಯಲ್ಲಿ ಎಲ್ಲರೂ ಮಾಡುವ ತಲೆಕೆಳಗು ಕಸುಬು. ಟೆರೇಸಿನ ಟ್ಯಾಂಕ್ ಬಿಸಿಲಿಗೆ ಕುದಿದು ತಣ್ಣೀರಿನ ನಲ್ಲಿಯಲ್ಲಿ ಬೆಂಕಿ ಬರುತ್ತದೆ. ಅದಕ್ಕೆ ಬಾಯ್ಲರ್ ಆಫ್ ಮಾಡಿಟ್ಟು, ನೆರಳಲ್ಲಿ ಆರಿದ ಅದರ ನೀರನ್ನೇ ತಣ್ಣೀರು ಅಂತ ಬಳಸುವುದು. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು. ಆಗಸ್ಟ್‌ನಲ್ಲಿ ನಾವು ಬಂದ ದಿನವೇ ಅಂಕಲ್ ನಮಗೂ ಹೆಮ್ಮೆಯಿಂದ ಕಲಿಸಿದ್ದರು.

ಇದೊಂದನ್ನು ಮಾತ್ರ ಹೇಳಿರಲಿಲ್ಲ. ನಮ್ಮ ಮಹಡಿಯ ಪೈಪು ಟೆರೇಸಿನ ಬಿಸಿಲಲ್ಲಿ ಹಾದು ಬರುತ್ತದೆ. ಆ ಕಾದ ನೀರು ಇಳಿದು ತಮ್ಮ ತಣ್ಣೀರು ಕೆಡಬಾರದೆಂದು ಇದನ್ನು ಬಂದ್ ಮಾಡಿದ್ದಾರೆ. ಆಗ ಮೇಲೆ ಬಾಡಿಗೆಗೆ ಯಾರೂ ಇರಲಿಲ್ಲ. ಗೋಣಿ ಸುತ್ತಿದರು, ಮೆಷಿನ್ ಇಟ್ಟರು, ಮರೆತರು. ಹೊಸಬನಾಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಇಪ್ಪತ್ತಾರು ಬೇಸಿಗೆ ಉಂಡವರು ಬೇಕು.

ಚಕ್ರ ಬಿಗಿದಿತ್ತು. ಆಂಟಿ ಸೌಟಿನ ಹಿಡಿ ತೂರಿಸಿ ಮೀಟಿದರು, ನಾನು ತಿರುಗಿಸಿದೆ. ಕಿರ್ರ್ ಎಂದಿತು. ಆಮೇಲೆ ಸಲೀಸು. ಪೈಪಿನೊಳಗೆ ಜುಳು ಅಂದದ್ದು ಇಬ್ಬರಿಗೂ ಕೇಳಿಸಿತು.

"ನಶೀ!"

ಮೇಲೆ ಮೆಟ್ಟಿಲ ತುದಿಯಲ್ಲಿ ಉಮ್ಮ. ನಮಾಜಿನ ಬಿಳಿ ಬಟ್ಟೆಯಲ್ಲೇ, ಮಗುವನ್ನು ಎತ್ತಿಕೊಂಡು. ಅಷ್ಟು ಕೋಪದ ಮುಖ ನಾನು ಕಂಡಿಲ್ಲ.

"ಬಯ್ಯುವುದಿದ್ದರೆ ಬಯ್ಯಿ," ಅಂದೆ ಕೆಳಗಿನಿಂದಲೇ. "ಮೊದಲು ಒಳಗೆ ಹೋಗಿ ರೇಡಿಯೇಟರಿಗೆ ಕೈ ಇಡು. ನಲ್ಲಿ ಬಿಡಬೇಡ. ಸುಮ್ಮನೆ ಕೈ ಇಡು."

ಅದೇ ದಿನ, ಸಂಜೆ

ಉಮ್ಮ ಬಯ್ದಳು. ಹೊಟ್ಟೆ ತುಂಬ. ನಾನು ಮಂಚದ ಮೇಲೆ ಎರಡು ಕಂಬಳಿಯೊಳಗೆ, ಕಷಾಯ ಕುಡಿಯುತ್ತಾ ಕೇಳಿಸಿಕೊಂಡೆ. ಇಡೀ ಬಯ್ಗುಳ ಮುಗಿಯುವವರೆಗೂ ಅವಳ ಬಲಗೈ ರೇಡಿಯೇಟರಿನ ಮೇಲೆಯೇ ಇತ್ತು.

ತಾಹಿರ್ ಬಂದವರು ಬಾಗಿಲಲ್ಲೇ ನಿಂತರು. ಕನ್ನಡಕಕ್ಕೆ ಮಬ್ಬು ಕವಿಯಿತು, ಅಷ್ಟು ಬೆಚ್ಚಗೆ. ಒರೆಸಿಕೊಂಡರು. ಮಗುವಿನ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ರೇಡಿಯೇಟರಿನಿಂದ ತೆಗೆದು ಮಡಚಿದರು. ಈ ಮನೆಯಲ್ಲಿ ಅವರು ಬಟ್ಟೆ ಮಡಚಿದ್ದು ಇದೇ ಮೊದಲು.

ಅಂಕಲ್ ಮೇಲೆ ಬಂದರು. ಕೈಯಲ್ಲಿ ಒಂದು ಪ್ಲಮ್ ಕೇಕ್, ಕ್ರಿಸ್ಮಸ್ಸಿನದು. "ತಪ್ಪಾಯ್ತು ಮಗಾ. ಮುದಿ ತಲೆ. ನಿನ್ನ ಕುಂಞಿ ಆಸ್ಪತ್ರೆಗೆ ಹೋಗುವಾಗ ನಾನು ಕೆಳಗೆ ಬನಿಯನ್ನಿನಲ್ಲಿ ಕೂತಿದ್ದೆ." ಕಣ್ಣೊರೆಸಿಕೊಂಡರು. ಬಯ್ಯಬೇಕೆಂದು ಕೂಡಿಟ್ಟ ಮಾತೆಲ್ಲ ಬಿಟ್ಟು, ಕೂರಿ ಅಂಕಲ್ ಅಂದೆ. ಕೇಕ್ ಮಾತ್ರ ಉಮ್ಮ ಕಿತ್ತುಕೊಂಡಳು, ಬಾಣಂತಿಗೆ ವಾಯು ಅಂತ.

ಆಗಲೇ ಮಾಲೀಕ ಅಬ್ದುಲ್ಲಾ ಅವರ ಫೋನ್. ಪಂಪು ಬೇಗ ಬಂದಿದೆಯಂತೆ, ನಾಳೆ ಹಂಝ ಬಂದು ಕೂರಿಸುತ್ತಾನಂತೆ. ತಾಹಿರ್ "ಒಂದು ನಿಮಿಷ" ಅಂದರು. ನನ್ನ ಕಡೆ ನೋಡಿದರು. ಫೋನ್ ನನ್ನ ಕೈಗಿಟ್ಟರು. "ನೀನೇ ಹೇಳು. ಇಂಜಿನಿಯರ್ ನೀನು."

ಹೇಳಿದೆ. ಇಂಗ್ಲಿಷಿನಲ್ಲಿ, ನಿಧಾನವಾಗಿ, ಆಫೀಸಿನ ದನಿಯಲ್ಲಿ. ಎರಡನೇ ಪಂಪು ಬೇಕಾಗಿಲ್ಲ. ಇರುವ ಪಂಪೇ ಧಾರಾಳ. ವಾಪಸ್ ಲೈನ್ ಮುಚ್ಚಿತ್ತು, ತೆರೆದಿದ್ದೇನೆ.

"ಶ್ಯೂರ್?" ಅಂದರು.

"ನನ್ನ ಮಗು ಈ ಕೋಣೆಯಲ್ಲಿ ಮಲಗುತ್ತಾಳೆ," ಅಂದೆ.

ಅವರು ನಕ್ಕರು. "ಖಲಾಸ್. ಪಂಪ್ ಮಾಫಿ."

ಹಂಝನೂ ಆಮೇಲೆ ಫೋನ್ ಮಾಡಿದ. "ಮೇಡಂ, ಮೆಷಿನಿನ ಹಿಂದೆ ಇಂಥದ್ದೊಂದು ಉಂಟು ಅಂತ ನನಗೆ ಯಾರೂ ಹೇಳಿಲ್ಲ." ನಿಜ. ಅವನು ಕೇಳಲಿಲ್ಲ, ಅಂಕಲ್‌ಗೆ ನೆನಪಾಗಲಿಲ್ಲ, ನನ್ನನ್ನು ಯಾರೂ ಇಳಿಯಬಿಡಲಿಲ್ಲ.

ಇನ್ನು ಟಿಕೆಟ್. ನಾಳೆಯದು. ಯಾರೂ ಆ ಮಾತು ಎತ್ತಲಿಲ್ಲ. ನಾನೇ ಎತ್ತಿದೆ. "ಉಮ್ಮ, ನಾನು ಹೋಗುವುದಿಲ್ಲ. ಮಗುವೂ ಬರುವುದಿಲ್ಲ. ನೀನು ಹೋಗುವುದಾದರೆ ತಡೆಯುವುದಿಲ್ಲ. ನನ್ನ ಮೇಲೆ ಕೋಪ ಇದ್ದರೆ ಇರಲಿ."

ಉಮ್ಮ ಸೂಟ್‌ಕೇಸಿನ ಹತ್ತಿರ ಹೋಗಿ ಕೂತಳು. ಹೊತ್ತು ಹೋದ ಮೇಲೆ ನೋಡಿದರೆ ಮೆಂತೆಯ ಡಬ್ಬ, ಲೇಹ್ಯದ ಭರಣಿ, ಎಣ್ಣೆಯ ಬಾಟಲಿ, ಒಂದೊಂದೇ ಹೊರಗೆ ತೆಗೆದು ಸಾಲಾಗಿ ಇಡುತ್ತಿದ್ದಳು.

3 ಫೆಬ್ರವರಿ, ಭಾನುವಾರ, ಬೆಳಿಗ್ಗೆ

ಬಸ್ಸು ಐದೂವರೆಗೆ. ಹೊರಟು ಕೂತಿದ್ದೇನೆ. ಶೂ ಬಿಗಿ, ಪಾದ ದಪ್ಪವಾಗಿದೆ. ಮಗು ಹಾಲು ಕುಡಿದು ಮಲಗಿದಳು. ರೇಡಿಯೇಟರ್ ಟಕ್ ಟಕ್ ಅನ್ನುತ್ತಿದೆ. ಅಳು ಬರುತ್ತಿದೆ. ಬರಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಳುತ್ತಲೂ ಕೆಲಸಕ್ಕೆ ಹೋಗಬಹುದು.

ಉಮ್ಮ ಟಿಫಿನ್ ತಂದಿಟ್ಟಳು. ಮೆಂತೆ ಗಂಜಿ, ಮತ್ತೇನು. "ಆಫೀಸಿನಲ್ಲಿ ಎ.ಸಿ.ಯ ಕೆಳಗೆ ಕೂರ್ಬೇಡ. ಹಾಲು ಹಿಂಡಿ ಇಟ್ಟದ್ದು ನನಗೆ ಗೊತ್ತುಂಟು, ಹೇಳ್ಬೇಡ." ಬಾಗಿಲವರೆಗೆ ಹೋದವಳು ತಿರುಗಿ ಬಂದು ನನ್ನ ಬ್ಯಾಗಿನಲ್ಲಿ ಏನೋ ಹಾಕಿದಳು. ನೋಡಿದೆ. ಪೆನ್ನು. ಹೊಸದು, ನೀಲಿ.

"ದಿಂಬಿನಡಿಯದ್ದು ಇಂಕು ಮುಗೀತಾ ಬಂದಿದೆ," ಅಂದಳು. "ನಾನು ನಮಾಜಿನಲ್ಲಿ ಬೆನ್ನು ತಿರುಗಿಸಿದ್ರೆ ಕಿವಿಯೂ ತಿರುಗ್ತದಾ? ಕರ ಕರ ಕೇಳ್ತಿತ್ತು. ಕಣ್ಣು ಹೋದ್ರೆ ನನ್ನನ್ನು ದೂರ್ಬೇಡ."

ಅಷ್ಟೂ ದಿನ ಗೊತ್ತಿತ್ತು! ಗೊತ್ತಿದ್ದೂ ದಿನಾ ನಮಾಜಿನಲ್ಲಿ ಅಷ್ಟು ಹೊತ್ತು ಕೂರುತ್ತಿದ್ದಳು ಎಂದರೆ

ಹಾರ್ನ್. ಬಸ್ಸು ಬಂತು —